ಗೌನಿಪಲ್ಲಿ ಎಣ್ಣೆ

ಸೊಸೆಯ ಕೈಚೀಲದಲ್ಲಿ ಬಳೆಗಳು ಸಿಕ್ಕಿದವು. ಎರಡೂ ಕೈಯ ಹಸಿರು ಗಾಜಿನ ಬಳೆಗಳು, ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಟ್ಟವು.

ಚಿಕ್ಕವೆಂಕಟಮ್ಮ ಅವನ್ನು ಎಣಿಸಿ ನೋಡಿದಳು. ಗಂಡ ಗಟ್ಟಿಮುಟ್ಟಾಗಿರುವ ಹೆಂಗಸು ಬರಿಗೈಯಲ್ಲಿ ಮುಳಬಾಗಿಲಿಗೆ ಹೋಗಿ ಬಂದಿದ್ದಾಳೆ! ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ ಶ್ರೀವಾಣಿಗೆ ಅತ್ತೆ ಚೀಲ ತಡಕುತ್ತಿರುವುದು ತಿಳಿಯಲಿಲ್ಲ.

ಅನುಮಾನ ಇವತ್ತಿನದಲ್ಲ. ಸೊಂಟ ನೋವು, ಮುಳಬಾಗಿಲಿನ ಮುರಳಿಮೋಹನನ ಹತ್ತಿರ ಫಿಸಿಯೋಥೆರಪಿಗೆ ಹೋಗಬೇಕು ಎಂದು ಸೊಸೆ ಬೈರಕೂರಿನಿಂದ ವಾರ ವಾರ ಬಸ್ಸು ಹತ್ತುತ್ತಿದ್ದಳು. ಸೊಂಟ ನೋವಿನವಳು ಹುಲ್ಲಿನ ಹೊರೆ ಹೊತ್ತು ತರುವಾಗ ಒಂದು ಸಲವಾದರೂ ಅಮ್ಮಾ ಅನ್ನಬೇಡವೇ? ಆಸೆಯಿಂದ ಬೆಳೆಸಿದ್ದ ಉಗುರುಗಳನ್ನು ಬೇರೆ ಬುಡಕ್ಕೇ ಕತ್ತರಿಸಿಕೊಂಡಿದ್ದಳು. ಯಾರು ಹೇಳಿದ್ದಕ್ಕೋ? ಮಗ ಕದಿರೇಶ ಮಾಲೂರಿನ ಫ್ಯಾಕ್ಟರಿಯಿಂದ ಬಂದರೆ ಉಂಡು ಮಲಗುವವನು, ಹೆಂಡತಿಯ ಉಗುರು ನೋಡುವ ವ್ಯವಧಾನ ಅವನಿಗೆಲ್ಲಿ? ನೋಡಬೇಕಾದವಳು ತಾಯಿ. ನೋಡುತ್ತಲೂ ಇದ್ದಳು.

ನೋವೆಂದರೆ ಏನೆಂದು ಚಿಕ್ಕವೆಂಕಟಮ್ಮನನ್ನು ಕೇಳಬೇಕು. ಕೂತರೆ ಸಾಕು, ಬಾಲಮೂಳೆಯ ಪಕ್ಕದಿಂದ ಉರಿ ಎದ್ದು ತೊಡೆಸಂದಿಗೆ ಕರೆಂಟು ಹೊಡೆದ ಹಾಗೆ ಇಳಿಯುತ್ತಿತ್ತು. ನಾಲ್ಕು ಜನರ ಮುಂದೆ ಹೇಳುವ ಜಾಗವೇ ಅದು? ಡಾಕ್ಟರ ಮಾತೆತ್ತಿದರೆ ಉರಿದುಬೀಳುತ್ತಿದ್ದಳು. ಎಣ್ಣೆ ಹಚ್ಚಲು ಒಂದು ಕೈ ಬೇಕಲ್ಲ ಎಂದು ಸೊಸೆಗಷ್ಟೇ ಹೇಳಿದ್ದಳು. ಅದೂ ಕದಿರೇಶನ ತಲೆಯ ಮೇಲೆ ಆಣೆ ಹಾಕಿಸಿಕೊಂಡು.

"ಇದು ನನಗೈತೆ ಅಂತ ನರಪಿಳ್ಳೆಗೂ ಗೊತ್ತಾಗಬಾರ್ದು ಕಣೇ. ಬಾಯಿ ಬಿಟ್ರೆ ನಿನ್ ಗಂಡನಿಗೇ ತಗುಲ್ತದೆ."

ಗೌನಿಪಲ್ಲಿಯಿಂದ ತರಿಸಿದ ನಾಟಿ ಎಣ್ಣೆ ಮೊದಮೊದಲು ಏನೂ ಮಾಡಲಿಲ್ಲ. ಬರಬರುತ್ತಾ ಗುಣ ತೋರಿತು. ಮಧ್ಯಾಹ್ನ ಬೋರಲು ಮಲಗಿ ಹಚ್ಚಿಸಿಕೊಂಡರೆ ಆಮೇಲೆ ಉರಿಯ ಸುಳಿವೇ ಇಲ್ಲ. ಮಂಡಿನೋವಿಗೆ ಎಂದು ಸುಳ್ಳು ಹೇಳಿ ಪಕ್ಕದ ಮನೆಯ ಅಂಜಮ್ಮನ ಮುಂದೆ ಆ ಎಣ್ಣೆಯನ್ನು ಹೊಗಳಿದ್ದೇ ಹೊಗಳಿದ್ದು. ಎಣ್ಣೆ ಹಚ್ಚುವಾಗಲೂ ಈಚೆಗೆ ಬಳೆಯ ಸದ್ದು ನಿಂತುಹೋಗಿರುವುದು ಅವಳಿಗೆ ಈಗ ಹೊಳೆಯಿತು. ಮನೆಗೆ ಬಂದ ಮೇಲೂ ತೊಡಲು ಮರೆಯುತ್ತಾಳೆಂದರೆ ಇವಳ ಮನಸ್ಸು ಎಲ್ಲಿದೆ?

ಮುಂದಿನ ಸಲ ಶ್ರೀವಾಣಿ ಹೊರಟ ಮೇಲೆ ಅವಳೂ ಷೇರ್ ಆಟೋ ಹತ್ತಿದಳು. ಮುಳಬಾಗಿಲಿನಲ್ಲಿ ಫಿಸಿಯೋ ಮುರಳಿಮೋಹನನ ಅಂಗಡಿ ಎಲ್ಲಿ ಎಂದು ಕೇಳಿಕೊಂಡು ಹೋದಳು. ಒಳಗೆ ಪರದೆ ಎಳೆದಿತ್ತು. ಸಂದಿಯಲ್ಲಿ ಕಂಡಿದ್ದು ಇಷ್ಟೇ: ಸೊಸೆಯ ಬೋಳು ಕೈ, ಅದರ ಮೇಲೆ ಗಂಡಸಿನ ಕೈ.

"ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ. ನಿಧಾನ, ಅವಸರ ಬೇಡ."

"ಮನೇಲಿ ಗೊತ್ತಾದ್ರೆ ನನ್ ಕಥೆ ಮುಗೀತು ಸಾರ್." ಶ್ರೀವಾಣಿ ನಗುತ್ತಿದ್ದಳು.

ಇನ್ನೇನು ನೋಡಬೇಕಿತ್ತು?

ಭಾನುವಾರ ಹಿರಿಯರು ಸೇರಿದರು. ತಾಯಲೂರಿನಿಂದ ಶ್ರೀವಾಣಿಯ ಅಣ್ಣ ಭೀಮರಾಜ್ ತಲೆತಗ್ಗಿಸಿ ಬಂದು ಕೂತ.

"ಸೊಂಟ ನೋವು ನಿಜಾನಾ?" ಕದಿರೇಶ ಕೇಳಿದ.

"ಇಲ್ಲ."

"ಮತ್ಯಾಕೆ ಹೋಗ್ತಿದ್ದೆ?"

ಶ್ರೀವಾಣಿ ಗಂಡನ ಮುಖ ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ನಾನು ಬಾಯಿ ಬಿಟ್ರೆ ಇವ್ರಿಗೇ ಕೆಟ್ಟದ್ದು. ಅದು ನಿಮಗೇ ಗೊತ್ತು ಅತ್ತೆ."

"ದೇವುಡಾ! ಗಂಡನಿಗೇ ಬೆದರಿಕೆ ಹಾಕ್ತಾವ್ಳೆ, ಕೇಳಿದ್ರಾ?" ಚಿಕ್ಕವೆಂಕಟಮ್ಮ ಸೊಸೆಯ ಚೀಲದಿಂದ ತೆಗೆದಿಟ್ಟುಕೊಂಡಿದ್ದ ಕರವಸ್ತ್ರದ ಗಂಟು ಬಿಚ್ಚಿದಳು. ಬಳೆಗಳನ್ನು ಒರಳುಕಲ್ಲಿನ ಮೇಲೆ ಒಂದೊಂದಾಗಿ ಒಡೆದಳು. "ಬಳೆ ಬೇಡದೋಳಿಗೆ ಗಂಡ ಯಾಕೆ?"

ಶ್ರೀವಾಣಿ ಆ ಚೂರುಗಳನ್ನೇ ನೋಡುತ್ತಾ ಅತ್ತಳು. ಭೀಮರಾಜ್ ತಂಗಿಯನ್ನು ಕರೆದುಕೊಂಡು ಹೋದ. ಚಿಕ್ಕವೆಂಕಟಮ್ಮ ಅಷ್ಟು ಹೊತ್ತೂ ಚಕ್ಕಂಬಕ್ಕಳ ಹಾಕಿ ನೆಟ್ಟಗೆ ಕೂತಿದ್ದಳು, ಎಲ್ಲೂ ಒಂದಿಷ್ಟೂ ನೋಯಲಿಲ್ಲ. ಎಣ್ಣೆ ಅಂದರೆ ಎಣ್ಣೆ ಎಂದುಕೊಂಡಳು.

ತಿಂಗಳು ತುಂಬುವ ಮೊದಲೇ ಉರಿ ಮರಳಿತು. ಅದೇ ಎಣ್ಣೆಯನ್ನು ತಾನೇ ಹಚ್ಚಿ ನೋಡಿದಳು. ನಾಚಿಕೆ ನುಂಗಿಕೊಂಡು, ಸೊಂಟ ಹಿಡಿದಿದೆ ಎಂದಷ್ಟೇ ಹೇಳಿ, ಅಂಜಮ್ಮನ ಕೈಯಲ್ಲಿ ತಿಕ್ಕಿಸಿಕೊಂಡಳು. ಹೊಸ ಸೀಸೆ ತರಿಸಿದಳು. ಏನು ಮಾಡಿದರೂ ಅಷ್ಟೇ.

ಕೋಲಾರದ ಕೋರ್ಟಿನಲ್ಲಿ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ದಿನ ಬಂತು. ಶ್ರೀನಿವಾಸಪುರದ ಕಡೆ ಹೊಸ ಹೆಣ್ಣೂ ಗೊತ್ತಾಗಿತ್ತು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ತಾಯಿ ನಿಂತೇ ಬಂದಿದ್ದು ಕಂಡು ಕದಿರೇಶ ಅವಳನ್ನು ಮೊದಲು ಆಸ್ಪತ್ರೆಗೆ ಎಳೆದೊಯ್ದ. ಸೊಂಟ ಹಿಡಿದುಕೊಂಡಿದೆ ಎಂದಷ್ಟೇ ಅವನಿಗೆ ಗೊತ್ತು. ಫಿಸಿಯೋ ಹೆಂಗಸು ಎಂದು ಕಂಡ ಮೇಲೆ ಚಿಕ್ಕವೆಂಕಟಮ್ಮ ಒಪ್ಪಿದಳು. ಕದಿರೇಶ ಲಾಯರಿಗೆ ಫೋನ್ ಮಾಡಲು ಹೊರಗೆ ಹೋದ.

ಫಿಸಿಯೋ ತೇಜಸ್ವಿನಿ ಅವಳನ್ನು ಬೋರಲು ಮಲಗಿಸಿ, ಜಾಗ ಕೇಳಿಕೊಂಡು, ಬಟ್ಟೆಯ ಮೇಲಿಂದಲೇ ಸೊಂಟದ ಕೆಳಗೆ ಬೆರಳೂರಿ ನಿಧಾನವಾಗಿ ಒತ್ತಿದಳು. ಉರಿ ಹಾಗೇ ಕರಗಿತು. ಚಿಕ್ಕವೆಂಕಟಮ್ಮನಿಗೆ ಆ ಒತ್ತು ಗುರುತು ಸಿಕ್ಕಿತು.

"ಇದು ನರದ ನೋವು ಅಮ್ಮ. ಎಣ್ಣೆಗೆಲ್ಲ ಬಗ್ಗಲ್ಲ, ಜಾಗ ನೋಡಿ ಒತ್ಬೇಕು," ಎಂದಳು ತೇಜಸ್ವಿನಿ. "ಮುಳಬಾಗಿಲಲ್ಲಿ ಮುರಳಿಮೋಹನ್ ಅಂತ ನನ್ನ ಜೊತೇಲಿ ಓದಿದವನಿದಾನೆ. ಅವನ ಹತ್ರ ಒಬ್ಬ ಹೆಣ್ಮಗಳು ಇದನ್ನ ಕಲಿಯೋಕೆ ಬರ್ತಿದ್ಲಂತೆ. ಮನೇಲಿ ಯಾರಿಗೋ ಹೀಗೇ ನೋವು, ಡಾಕ್ಟ್ರಿಗೆ ತೋರಿಸಲ್ಲ, ಗಂಡನ ಮೇಲೆ ಆಣೆ ಇದೆ, ಹೆಸರು ಕೇಳ್ಬೇಡಿ ಅಂದ್ಲಂತೆ. ದಿಂಬಿನ ಮೇಲೆ ಒತ್ತಿ ಒತ್ತಿ ಕಲಿತ್ಲಂತೆ. ಹೇಗೆ ಹೇಳಿಕೊಡ್ಲಿ ಅಂತ ನನ್ನೇ ಕೇಳಿದ್ದ. ಉಗುರು ಕತ್ತರಿಸ್ಕೊಳ್ಳೋಕೆ ಹೇಳು, ಬಳೆ ತೆಗೆಸು, ಗಾಜು ಒತ್ತಿದ್ರೆ ಪಾಪ, ನೋವಿರೋರಿಗೆ ಕಷ್ಟ ಅಂತ ಹೇಳಿದ್ದೆ."

ಪರದೆಯಾಚೆ ಕದಿರೇಶನ ದನಿ ಕೇಳಿಸಿತು. "ಅಮ್ಮ, ಲಾಯರ್ ಕರೀತಾವ್ರೆ. ನಾನು ಹೋಗಿ ಸೈನ್ ಹಾಕ್ಬರ್ಲಾ?"

ಬೇಡ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಆಡಬೇಕೆಂದರೆ ನೋವು ಎಲ್ಲಿತ್ತೆಂದು ಮಗನಿಗೆ ಹೇಳಬೇಕಿತ್ತು.

"ನಿಮಗೂ ಮನೇಲಿ ಯಾರಾದ್ರೂ ಹೀಗೆ ಒತ್ತುತಿದ್ರಾ?" ತೇಜಸ್ವಿನಿ ಕೇಳಿದಳು.

"ಹೋಗಿ ಹಾಕ್ಬಾ ಕಣೋ," ಎಂದು ಪರದೆಯಾಚೆಗೆ ಕೂಗಿ, ಚಿಕ್ಕವೆಂಕಟಮ್ಮ ಮುಖವನ್ನು ದಿಂಬಿಗೆ ಒತ್ತಿಕೊಂಡಳು. "ಯಾರೂ ಇಲ್ಲಮ್ಮ. ಬರೀ ಗೌನಿಪಲ್ಲಿ ಎಣ್ಣೆ."