ಗೋಡೆಯ ಮೇಲಿನ ಬಸವಣ್ಣ

ತಿಂಗಳಾದರೂ ಮುಟ್ಟು ನಿಲ್ಲದೆ ಕಾಶವ್ವನ ಮುಖ ಬಿಳುಚಿಕೊಂಡಿತ್ತು. ಆದರೂ ಲೇಡಿ ಡಾಕ್ಟರ ಕೋಣೆಯ ಬಾಗಿಲು ಹಿಡಿದು ನಿಂತಳೇ ಹೊರತು ಹೊಸ್ತಿಲು ದಾಟಲಿಲ್ಲ.

"ಒಳಗ ಬರ್ರಿ ಯಕ್ಕಾ," ಅಂದರು ಡಾಕ್ಟರು.

"ಬ್ಯಾಡ್ರಿ ಬಾಯಾರ. ಮುಟ್ಟಾದಾಕಿ ದೇವರ ಎದುರು ಹ್ಯಾಂಗ ಬರ್ಲಿ? ಇಲ್ಲಿಂದನ ಹೇಳ್ತೀನಿ."

"ಇಲ್ಲಿ ಯಾವ ದೇವರದಾನ?"

ಕಾಶವ್ವ ಎದುರಿನ ಗೋಡೆಯ ಪಟಕ್ಕೆ ನಿಂತಲ್ಲಿಂದಲೇ ಕೈಮುಗಿದಳು. "ಅಲ್ಲೇ ಅದಾನಲ್ರಿ ಬಸವಣ್ಣ, ಎರಡೂ ಕೊಂಬು ಚಾಚಿಕೊಂಡು! ಮೂರೂ ಹೆರಿಗಿಗೆ ಬಂದಾಗ ಅವಗ ಬೇಡಿಕೊಂಡೀನ್ರಿ. ಒಮ್ಮೆನೂ ಕೈ ಬಿಟ್ಟಿಲ್ಲ."

ಡಾಕ್ಟರು ತಿರುಗಿ ಪಟ ನೋಡಿದರು. ನಗು ಬಂದಿತ್ತು, ನುಂಗಿಕೊಂಡರು.

"ಯಕ್ಕಾ, ಅದು ಬಸವಣ್ಣ ಅಲ್ಲ, ಹೆಣ್ಣಮಕ್ಕಳ ಗರ್ಭಚೀಲದ ಚಿತ್ರ. ಅವು ಕೊಂಬಲ್ಲ, ನಳಿಕಿ. ನಿಮ್ಮ ಹೊಟ್ಟ್ಯಾಗೂ ಅಂಥಾದ್ದು ಐತಿ. ನಿಮ್ಮ ಮೂರೂ ಮಕ್ಕಳು ಬೆಳದಿದ್ದು ಅದರಾಗನ."

ಕಾಶವ್ವನ ಮುಗಿದ ಕೈ ಸರಕ್ಕನೆ ಕೆಳಗಿಳಿಯಿತು. ಈಗ ಯಾವ ಅಳುಕೂ ಇಲ್ಲದೆ ಹೊಸ್ತಿಲು ದಾಟಿ ದಡದಡ ಒಳಗೆ ಬಂದವಳೇ, ಪಟವನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿದಳು.

"ಥೂ! ಇಂಥಾ ಹೊಲಸನ್ನ ಮಂದಿ ಕೈಮುಗಿಯೋ ಜಾಗದಾಗ ಹಾಕ್ತಾರೇನ್ರಿ?"