ದೇವಾಪುರದ ಕಲ್ಲುದಾರಿ

ಸಂಜೀವಕುಮಾರ ಗುಡ್ಡದ ತಿರುವಿನಲ್ಲಿ ಸೈಕಲ್ಲಿನ ಬ್ರೇಕು ಒತ್ತಿದ. ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸರ ಮಾತು ಥಟ್ಟನೆ ನಿಂತಿತು. ಬುಟ್ಟಿಗಳ ತುಂಬ ಕಲ್ಲು. ಒಂದೊಂದೂ ಮುಷ್ಟಿಗಾತ್ರ, ಎಸೆಯುವುದಕ್ಕೆ ಹೇಳಿ ಮಾಡಿಸಿದಂಥವು. ಆಗಲೇ ದಾರಿಯಂಚಿಗೆ ಸೊಂಟದೆತ್ತರದ ರಾಶಿ ಬಿದ್ದಿತ್ತು.

"ಏನ್ ನಡಸೀರಿ ಇಲ್ಲಿ?"

ದೇವಾಪುರದ ಹಿರಿಯ ಪರಮಣ್ಣ ಟವೆಲ್ಲಿನಿಂದ ಬೆವರು ಒರೆಸಿಕೊಂಡು ದಾರಿಗೆ ಅಡ್ಡ ಬಂದು ನಿಂತ. "ಏನಿಲ್ರಿ ಸರ್, ಸುಮ್ನ. ಮ್ಯಾಲ ಮಾತ್ರ ಇವತ್ತ ಹೋಗಬ್ಯಾಡ್ರಿ. ಐತವಾರ ನಿಮ್ಮ ಮಂದೀನ ಕರ್ಕೊಂಡು ಬರ್ರಿ. ನಮ್ಮೂರು ಎಂಥಾದ್ದಂತ ಅವತ್ತ ತೋರಸ್ತೀವಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಸಂಜೀವಕುಮಾರ ಸೈಕಲ್ ತಿರುಗಿಸಿದ. ಇಳಿಜಾರಿನುದ್ದಕ್ಕೂ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಹೆದರಿಕೆಯಲ್ಲ, ಹೇಸಿಗೆ ಎಂದು ತನಗೆ ತಾನೇ ಹೇಳಿಕೊಂಡ.

ಥೂ, ಇವರ ಬುದ್ಧಿಯೇ ಇಷ್ಟು!

ಯಾದಗಿರಿಯ ಕಾಲೇಜೊಂದರಲ್ಲಿ ಅವನು ಭೂಗೋಳದ ಉಪನ್ಯಾಸಕ. ಮೂರು ವರ್ಷದಿಂದ ಭಾನುವಾರಗಳನ್ನೆಲ್ಲ ಸುರಿದು ಒಂದು ರೂಟು ಕಟ್ಟಿದ್ದ. ಶಹಾಪುರದ ಗುಡ್ಡದ ಬುಡದಿಂದ ಹೊರಟು, ಸಗರದ ಹೊಲಗಳ ಬದಿ ಹಿಡಿದು, ಸುರಪುರದ ಬಂಡೆಗಳ ನಡುವೆ ಹಾದು, ಕೊನೆಗೆ ದೇವಾಪುರದ ಗುಡ್ಡ ಹತ್ತುವ ಕಚ್ಚಾ ದಾರಿ. ಕಲ್ಲು, ಗುಂಡಿಗಳ ಮೇಲೆ ಕುಪ್ಪಳಿಸುತ್ತ ಹತ್ತಬೇಕಾದ ಕೊನೆಯ ಆ ನಾಲ್ಕು ಕಿಲೋಮೀಟರೇ ರೂಟಿನ ಜೀವ. ಕಲಬುರಗಿಯ ಸೈಕಲ್ ಕ್ಲಬ್ಬಿನ ಅಂಜುಮ್ ಫೋಟೋ ನೋಡಿಯೇ ಬೆರಗಾಗಿದ್ದಳು. ಎಂಟು ಜನರೊಂದಿಗೆ ಭಾನುವಾರ ಬಂದು ಪರೀಕ್ಷಿಸುತ್ತಾಳೆ. ಗುಡ್ಡ ಒಪ್ಪಿಗೆಯಾದರೆ ವರ್ಷದ ದೊಡ್ಡ ರೈಡು ಇಲ್ಲೇ, ನಕ್ಷೆಯ ಮೇಲೆ ಅವನ ಹೆಸರು. ಇಲ್ಲದಿದ್ದರೆ ಬೀದರಿನವರ ಪಾಲು.

ಅದಕ್ಕೆ ಈಗ ಕಲ್ಲು ಹಾಕಲು ಹೊರಟಿದೆ ಈ ಊರು. ಕಾರಣವೂ ಅವನಿಗೆ ಗೊತ್ತಿತ್ತು.

ಹದಿನೈದು ದಿನದ ಹಿಂದೆ ದೇವಾಪುರದ ಲಾಲಮ್ಮನ ಚಹಾದಂಗಡಿಯಲ್ಲಿ ಕೂತಿದ್ದ. ಊರ ಮಂದಿ ಸೈಕಲ್ಲಿನ ಸುತ್ತ ನೆರೆದಿದ್ದರು. "ಇಷ್ಟು ತುಟ್ಟಿ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. ಹಚ್ಚಿ ಕೊಡೋದು ಮರ್ತಾರೇನ್ರಿ?" ಎಂದು ಲಾಲಮ್ಮ ಮರುಕದಿಂದಲೇ ಕೇಳಿದ್ದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಆ ಗುಡ್ಡದ ದಾರಿಗೆ ಬಂಡೀನೂ ಹೋಗಂಗಿಲ್ರಿ ಸರ್," ಎಂದಿದ್ದ ಪರಮಣ್ಣ. "ದೂರದ ಮಂದೀನ ಅಲ್ಲೇ ಯಾಕ ಒಯ್ತೀರಿ?"

"ಕಲ್ಲು ಬಿಟ್ಟರ ನಿಮ್ಮೂರಾಗ ತೋರ್ಸೋದಕ್ಕ ಮತ್ತೇನದ?"

ಯಾರೂ ನಗಲಿಲ್ಲ. ಲಾಲಮ್ಮ ತುಟಿ ಬಿಗಿದು ಅವನ ಮುಂದಿನ ಗ್ಲಾಸು ಎತ್ತಿಕೊಂಡು ಹೋದಳು. ಅವನು ಮತ್ತೇನನ್ನೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಇಂಥವರಿಗೆ ಹೇಳಿದರೆ ತಲೆಗೆ ಹತ್ತುವುದುಂಟೇ? ಕಾಲೇಜಿನ ಹುಡುಗರಿಗೇ ಹತ್ತುವುದಿಲ್ಲ.

ಈಗ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ಶುಕ್ರವಾರ ನೀರಿನ ಟ್ಯಾಂಕರ್ ಎಳೆಯುತ್ತಿದ್ದ ಟ್ರ್ಯಾಕ್ಟರ್ ಗುಡ್ಡದತ್ತ ತಿರುಗಿದ್ದನ್ನು ಸುರಪುರದ ರಸ್ತೆಯಲ್ಲಿ ಅವನೇ ಕಂಡ. ಕೆಸರು ಮಾಡುತ್ತಾರೆ. ಕೆಸರಲ್ಲಿ ಸಿಕ್ಕಿಬಿದ್ದ ಮೇಲೆ ಕಲ್ಲು ತೂರುತ್ತಾರೆ. ಅಬ್ಬಾ, ಇಷ್ಟು ಯೋಜನೆ ಹಾಕುವ ತಲೆ ಇವರಿಗಿದೆಯೆಂದು ಅವನು ಎಣಿಸಿರಲಿಲ್ಲ! ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ, "ಕಲ್ಲು ತೂರಾಟದ ಸಂಭವವಿದೆ" ಎಂದು ಅಚ್ಚುಕಟ್ಟಾದ ಅರ್ಜಿ ಬರೆದುಕೊಟ್ಟ.

ಭಾನುವಾರ ಬೆಳಿಗ್ಗೆ ಒಂಬತ್ತು ಸೈಕಲ್ಲುಗಳು ಅವನ ಹಿಂದೆ, ಪೇದೆ ಶಾಂತಪ್ಪನ ಮೋಟಾರ್ ಸೈಕಲ್ಲು ಅವುಗಳ ಹಿಂದೆ. ಸಗರ ದಾಟಿದಾಗ ಅಂಜುಮ್ "ಭಾಳ ಛಲೋ ಅದ ಸರ್, ಇನ್ನ ಗುಡ್ಡದ್ದೇ ಫೈಸ್ಲಾ" ಎಂದಳು. ಅವನು ಹಿಂದಿರುಗಿ ಶಾಂತಪ್ಪ ಬರುತ್ತಿದ್ದಾನೆಯೇ ಎಂದು ನೋಡಿಕೊಂಡ.

ಗುಡ್ಡದ ಬುಡದಲ್ಲಿ ಇಡೀ ಊರು ನಿಂತಿತ್ತು. ಹೆಂಗಸರ ಸೊಂಟದಲ್ಲಿ ತುಂಬಿದ ಕೊಡ. ಗಂಡಸರ ಕೈ ಬೆನ್ನ ಹಿಂದೆ. ಪರಮಣ್ಣ ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿದ್ದ.

"ಅವನೇ ನೋಡ್ರಿ, ಲೀಡರ್," ಎಂದು ಸಂಜೀವಕುಮಾರ ಶಾಂತಪ್ಪನಿಗೆ ಕಣ್ಸನ್ನೆ ಮಾಡಿದ.

ಶಾಂತಪ್ಪ ಲಾಠಿ ಸರಿಪಡಿಸಿಕೊಂಡು ಇಳಿದ. ಬೆನ್ನ ಹಿಂದಿದ್ದ ಕೈಗಳು ಮುಂದೆ ಬಂದವು. ಅವುಗಳಲ್ಲಿದ್ದದ್ದು ಸೇವಂತಿಗೆ ಹಾರ. ಕೊಡದ ನೀರು ಅತಿಥಿಗಳ ಕಾಲಿಗೆ ಬಿತ್ತು. ಏನೂ ತೋಚದೆ ಸಂಜೀವಕುಮಾರ ಕೊರಳು ಬಾಗಿಸಿದ. ಅಷ್ಟರಲ್ಲಿ ಮುಂದೆ ಹೋಗಿದ್ದ ಅಂಜುಮ್ ಮೊದಲ ತಿರುವಿನಲ್ಲೇ ಸೈಕಲ್ಲಿನಿಂದ ಇಳಿದು ನಿಂತುಬಿಟ್ಟಿದ್ದಳು. ನೆಲ ನೋಡಿದಳು, ಫೋನಿನಲ್ಲಿದ್ದ ಫೋಟೋ ನೋಡಿದಳು, ಮತ್ತೆ ನೆಲ ನೋಡಿದಳು.

"ಸಂಜೀವ್ ಸರ್, ಇದೇನ್ರಿ? ಬೀದರಿನೋರಿಗೆ ಫೋನ್ ಹಚ್ಚಬೇಕಾತು."

ಅವನು ಓಡಿ ಬಂದು ನೋಡಿದ. ಕಣ್ಣು ಹರಿಯುವಷ್ಟು ದೂರ, ಗುಡ್ಡದ ನೆತ್ತಿಯವರೆಗೆ, ದಾರಿ ಹಬ್ಬದ ದಿನದ ಅಂಗಳದಂತೆ ಬಿದ್ದಿತ್ತು. ಗುಂಡಿಗೆಲ್ಲ ಮಣ್ಣು ತುಂಬಿ, ನೀರು ಹೊಡೆದು, ರೋಲರ್ ಎಳೆದು, ನಡುನಡುವೆ ರಂಗೋಲಿ ಬರೆದಿದ್ದರು.

ಪರಮಣ್ಣ ಹಿಂದೆಯೇ ಬಂದು ಕೈಮುಗಿದ. "ನೀವು ಅವತ್ತ ಅಂದದ್ದು ಖರೇನ ಇತ್ರಿ ಸರ್, ಬರೇ ಕಲ್ಲ ಇದ್ವು. ದೂರದ ಮಂದಿ ಮುಂದ ನೀವು ತಲಿ ತಗ್ಗಸಬಾರ್ದಂತ ಹದಿನೈದು ದಿನ ಊರೆಲ್ಲಾ ಕೂಡಿ ಆರಿಸೀವಿ. ಈಗ ಒಂದರ ಕಲ್ಲ ಸಿಕ್ಕರ ಹೇಳ್ರಿ."