ಹೆಣ್ಣಿನ ಕೈ ಸೋಕದ ಭಟ್ಟಿ

ಚನ್ನವ್ವ ಕೊಡವನ್ನು ಮುಟ್ಟಲಿಲ್ಲ. ಗೋಕಾಕ ಪೇಟೆಯ ಅಂಗಡಿಯವನು ತಾಮ್ರದ ಕೊಡವನ್ನು ಬೆರಳಿನಿಂದ ಬಾರಿಸಿ ಕೇಳಿಸಿದ, ಎತ್ತಿ ಅವಳ ಕೈಗೇ ಕೊಡಲು ಬಂದ. ಅವಳು ಸೆರಗಿನೊಳಗೆ ಕೈ ಎಳೆದುಕೊಂಡು ಹಿಂದೆ ಸರಿದಳು.

“ಅವರ ಕೈಯಾಗ ಕೊಡ್ರಿ. ತಗೊಳ್ಳಾವ್ರು ಅವರು.”

ಗಂಡ ಕೆಂಚಪ್ಪ ಕೊಡವನ್ನು ತಿರುಗಿಸಿ ನೋಡಿದ.

“ನೀರ ಕಾಸಾಕೇನ್ರಿ ಕಾಕಾ?” ಎಂದ ಅಂಗಡಿಯವನು.

“ಕಾಸಾಕ ಖರೆ. ನೀರಲ್ಲ,” ಎಂದು ಕೆಂಚಪ್ಪ ಕಣ್ಣು ಹೊಡೆದ.

ಹಿಂದೆ ನಿಂತಿದ್ದ ಮಗಳು ದಾಕ್ಷಾಯಿಣಿ ಎಡಗೈಯನ್ನು ಓಢಣಿಯಲ್ಲಿ ಮುಚ್ಚಿಕೊಂಡಳು. ಮುಂಗೈ ಮೇಲೆ ರೊಟ್ಟಿ ಹಂಚಿನ ಅಂಚು ತಗುಲಿ ಸುಟ್ಟ ಗುರುತಿತ್ತು. ಕುಡಿದು ಬಂದ ಅಪ್ಪ ಒಲೆಯ ಮೇಲಿಂದ ಎತ್ತಿ ಒಗೆದ ಹಂಚು ಅದು. ಮರುದಿನ ಅವ್ವ ಠಾಣೆಗೆ ಹೋಗಿದ್ದಳು. ಅಲ್ಲಿ ಅಪ್ಪನನ್ನು ಕರೆಸಿ, ಬೈದು, ಚಹಾ ಕುಡಿಸಿ, ಹೊತ್ತು ಮುಳುಗುವುದರೊಳಗೆ ಮನೆಗೆ ಕಳಿಸಿದ್ದರು. ಆಮೇಲೆ ಆದದ್ದರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅಂದಿನಿಂದ ಅವ್ವ ಅಳುವುದನ್ನೂ ಬಿಟ್ಟಿದ್ದಳು.

ಈಗ ಅದೇ ಅವ್ವ ತಾನಾಗಿ ಹೇಳಿದ್ದಳು: “ಹೊರಗ ಯಾಕ ಕುಡೀತೀರಿ? ಮನ್ಯಾಗ ಭಟ್ಟಿ ಇಟ್ಟಕೊಳ್ರಿ. ಕಣಗಲಾ ಊರಾಗಿನ ಅಲ್ಲಪ್ಪ ಮಾವಗ ಎಲ್ಲಾ ಗೊತ್ತೈತಿ. ನಾ ಕೇಳಕೊಂಡ ಬರ್ತೀನಿ.”

ಕೆಂಚಪ್ಪ ಮೊದಲು ನಂಬಲಿಲ್ಲ. ಆಮೇಲೆ ತಮ್ಮೂರು ಕೌಜಲಗಿಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದ: “ನನ್ನ ಹೇಣ್ತಿಗೆ ಈಗ ಬುದ್ಧಿ ಬಂತು ನೋಡ್ರಿ.”

ಅಲ್ಲಪ್ಪ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಎಮ್ಮೆ ಕಟ್ಟಿಕೊಂಡಿದ್ದ. ಕೊಡ ಕೊಳ್ಳುವ ಮೊದಲೇ ತಾಯಿ ಮಗಳು ಬಸ್ಸು ಹತ್ತಿ ಅವನಲ್ಲಿಗೆ ಹೋದಾಗ ಚಹಾ ಕೊಟ್ಟು, ಕೇಳಿದ್ದನ್ನೆಲ್ಲ ಹೇಳಿದ. ಮಾತಿಗೊಮ್ಮೆ ಗೋಡೆಯ ಮೇಲಿದ್ದ ತನ್ನ ತಾಯಿಯ ಫೋಟೊ ಕಡೆ ನೋಡುತ್ತಿದ್ದ.

“ಮೊದಲ ಬರೋದು ವಿಷ. ಅದನ್ನ ಚೆಲ್ಲಬೇಕು.”

“ಚೆಲ್ಲದ ಕುಡದ್ರ?”

“ಕಣ್ಣ ಹೋಗ್ತಾವ. ಒಮ್ಮೊಮ್ಮೆ ಮನಶ್ಯಾನ ಹೋಗ್ತಾನ. ಯಾಕ ಕೇಳ್ತಿ ಚನ್ನಿ?”

“ಗೊತ್ತಿರಲಿ ಅಂತ.”

ದಾಕ್ಷಾಯಿಣಿ ತುಟಿಗೆ ಒಯ್ದ ಕಪ್ಪನ್ನು ಕೆಳಗಿಟ್ಟು, ಎಮ್ಮೆ ನೋಡುವ ನೆಪದಲ್ಲಿ ಹೊರಗೆ ಬಂದಳು. ಒಳಗೆ ಅವರಿಬ್ಬರ ಮಾತು ಇನ್ನೂ ನಡೆದಿತ್ತು.

ಅಲ್ಲಿಂದ ಮನೆಗೆ ಬಂದ ಚನ್ನವ್ವ ಏನೇನು ಬೇಕೆಂದು ಗಂಡನಿಗೆ ಒಂದೊಂದಾಗಿ ಹೇಳಿದಳು. ಕೊಡ, ಕೊಳವೆ, ತಣ್ಣೀರಿನ ಬಾನಿ. ವಿಷದ ಮಾತು ಮಾತ್ರ ಬರಲಿಲ್ಲ.

“ಇನ್ನೊಂದ ಐತ್ರಿ. ಹೆಣ್ಣಿನ ಕೈ ಸೋಕಬಾರದಂತ. ಸೋಕಿದ್ರ ಭಟ್ಟಿ ಕೆಡ್ತೈತಂತ. ಎಲ್ಲಾ ನೀವ ಮಾಡಬೇಕು.”

“ಖರೆ ಐತಿ ಬಿಡು,” ಎಂದ ಕೆಂಚಪ್ಪ. “ನಿನ್ನ ಕೈಯಾಗ ಹಾಲ ಸೈತ ಒಡೀತೈತಿ.”

ಬೆಲ್ಲ ತಂದವನು ಅವನೇ. ಕೊಳವೆ ಬಗ್ಗಿಸಿದವನು, ಹಿತ್ತಲಲ್ಲಿ ಒಲೆ ಹೂಡಿದವನು ಅವನೇ. ಕೊಡದ ಬಾಯಿಯ ಸಂದು ಮುಚ್ಚಲು ಗೋಧಿ ಹಿಟ್ಟು ಬೇಕಾಯಿತು. ಚನ್ನವ್ವ ಹಿಟ್ಟಿನ ಡಬ್ಬಿ ತೋರಿಸಿ ದೂರ ನಿಂತಳು. ಜನ್ಮದಲ್ಲಿ ಹಿಟ್ಟು ನಾದದ ಗಂಡಸು ಪರಾತದ ಮುಂದೆ ಕುಕ್ಕರಗಾಲಲ್ಲಿ ಕೂತು ನಾದಿದ, ಮೆತ್ತಿದ. ಒಣಗಿದ ಹಿಟ್ಟಿನಲ್ಲಿ ಅವನ ಬೆರಳುಗಳು ಸಾಲಾಗಿ ಮೂಡಿದ್ದವು. ಚನ್ನವ್ವ ಬಾಗಿ ಅದನ್ನೇ ಬಹಳ ಹೊತ್ತು ನೋಡಿದಳು.

ಅಡಿಗೆಮನೆಯಲ್ಲಿ ದಾಕ್ಷಾಯಿಣಿ ಮೆಲ್ಲಗೆ ಕೇಳಿದಳು. “ಅವ್ವಾ, ಮೊದಲಿಂದು ಚೆಲ್ಲಬೇಕಂತ ಅಪ್ಪಗ ಹೇಳಿಲ್ಲಲ್ಲ?”

“ನಿನ್ನ ಪರೀಕ್ಷಾ ಯಾವಾಗ ಐತಿ?”

“ಅವ್ವಾ.”

“ಓದ ಹೋಗು. ಇನ್ನ ಮ್ಯಾಲ ನಿನಗ ಸುಮ್ಮನ ಕುಂತ ಓದಾಕ ಸಿಗತೈತಿ.”

ದಾಕ್ಷಾಯಿಣಿ ಪುಸ್ತಕ ತೆರೆದಳು, ಕಣ್ಣು ಮಾತ್ರ ಹಿತ್ತಲ ಕಡೆಗೇ ಇತ್ತು.

ರವಿವಾರ ಮುಂಜಾನೆ ಚನ್ನವ್ವ ಮಗಳ ಫೋನು ಇಸಿದುಕೊಂಡಳು. ತವರಿಗೆ ಮಾತಾಡಬೇಕೆಂದು ಬಣವಿಯ ಮರೆಗೆ ಹೋಗಿ, ಬೇಗನೆ ತಿರುಗಿ ಬಂದಳು. ಮಧ್ಯಾಹ್ನ ಕೆಂಚಪ್ಪ ಒಲೆ ಹೊತ್ತಿಸಿದ. ಕೊಳವೆಯ ತುದಿಯಲ್ಲಿ ಹನಿಯೊಂದು ತೂಗಾಡಿ ತಂಬಿಗೆಗೆ ಬಿತ್ತು. ಹಿಂದೆಯೇ ಇನ್ನೊಂದು. ತಂಬಿಗೆಯ ತಳ ಮುಚ್ಚುವಷ್ಟಾದ ಕೂಡಲೇ ಅವನು ಎತ್ತಿಕೊಂಡ.

“ತಡೀರಿ. ಬಿಸಿ ಐತಿ,” ಎಂದಳು ಚನ್ನವ್ವ. ಅವಳ ಕಣ್ಣು ತಂಬಿಗೆಯ ಮೇಲಿರಲಿಲ್ಲ, ರಸ್ತೆಯ ಮೇಲಿತ್ತು.

ಅವ್ವ ನೋಡಲಾರದೆ ಆ ಕಡೆ ತಿರುಗಿದಳು ಎಂದುಕೊಂಡಳು ದಾಕ್ಷಾಯಿಣಿ.

“ಗಂಡಸಿಗೆ ಎಂಥಾ ಬಿಸಿ?” ಕೆಂಚಪ್ಪ ತಂಬಿಗೆಯನ್ನು ತುಟಿಗಿಟ್ಟ.

ಇವನು ಇಲ್ಲದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡವಳೇ ದಾಕ್ಷಾಯಿಣಿ. ಆದರೂ ಕಾಲು ತಾನಾಗಿ ಓಡಿತು. “ಅಪ್ಪಾ, ಕುಡೀಬ್ಯಾಡ.” ಸುಟ್ಟ ಕೈಯಿಂದಲೇ ತಂಬಿಗೆಯನ್ನು ಹೊಡೆದಳು. ಅದು ಉರುಳಿತು, ಇದ್ದದ್ದೆಲ್ಲ ಮಣ್ಣು ಕುಡಿಯಿತು.

ಕೆಂಚಪ್ಪ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಹಿತ್ತಲ ಬಾಗಿಲಿಗೆ ಪೊಲೀಸರ ಜೀಪು ಬಂದಿತ್ತು. ಓಣಿಯಲ್ಲಿ ಯಾರನ್ನೂ ದಾರಿ ಕೇಳದೆ ನೇರ ಬಂದಿತ್ತು.

ಸಾಹೇಬರು ಒಲೆ ನೋಡಿದರು, ಕೊಡ ನೋಡಿದರು. “ಇದರಾಗ ಯಾರ ಯಾರ ಕೈ ಐತಿ? ಹೇಣ್ತಿದೂ ಐತೇನು?”

ಕೆಂಚಪ್ಪನಿಗೆ ಆ ಮಾತು ತಡೆಯಲಾಗಲಿಲ್ಲ. “ಅಕೀಗೇನ ಬರತೈತ್ರಿ? ಕೊಡ ತಂದಾಂವ ನಾ. ಹಿಟ್ಟ ನಾದಿದಾಂವ ನಾ. ಹೆಣ್ಣ ಮುಟ್ಟಿದ್ರ ಭಟ್ಟಿ ಕೆಡ್ತೈತ್ರಿ. ಇಡೀ ಊರಿಗೆ ಗೊತ್ತೈತಿ, ಕೇಳ್ರಿ ಬೇಕಾದ್ರ.”

ಅವರು ಊರನ್ನೂ ಕೇಳಿದರು. ಅಂಗಡಿಯವನನ್ನೂ ಕೇಳಿದರು.

ಈ ಸಲದ್ದು ಕಳ್ಳಭಟ್ಟಿಯ ಕೇಸು, ಕೆಂಚಪ್ಪನಿಗೆ ಜಾಮೀನು ಸಿಗಲಿಲ್ಲ. ದಾಕ್ಷಾಯಿಣಿ ಪರೀಕ್ಷೆ ಬರೆದು ಮುಗಿಸಿದ ಮೇಲೆ, ಸುದ್ದಿ ತಿಳಿದ ಅಲ್ಲಪ್ಪ ಮಾತಾಡಿಸಲು ಬಂದ. ಒಳಗೆ ಚನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಅಜ್ಜನಿಗೆ ನೀರು ಕೊಟ್ಟು ದಾಕ್ಷಾಯಿಣಿ ಎದುರಿಗೆ ಕೂತಳು.

“ಅಜ್ಜಾ, ಹೆಣ್ಣಿನ ಕೈ ಸೋಕಿದ್ರ ಭಟ್ಟಿ ಕೆಡ್ತೈತಿ ಅಂತ ಅವತ್ತ ಅವ್ವಗ ಹೇಳಿದ್ರಲ್ಲ. ಯಾಕ ಹಂಗ?”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನಾ ಯಾಕ ಹಂಗ ಹೇಳ್ಲೆವ್ವಾ?” ಎಂದ ಅಲ್ಲಪ್ಪ. “ನಮ್ಮ ಮನ್ಯಾಗ ಭಟ್ಟಿ ಇಡತಿದ್ದಾಕೀನ ನಮ್ಮವ್ವ. ಗಂಡಸರನ್ನ ಬಾಜೂಕ ಸೈತ ಬಿಡ್ತಿದ್ದಿಲ್ಲ.”